ಬೆಸುಗೆ ನೋಡಿ ಕೊಂಡ ಕಾರು

ಹಳೆಯ ಕಾರು ಕೊಳ್ಳಲು ಬಂದವನ ಕಸುಬು ಯಾವುದೆಂದು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಅವನು ಕಾರಿನಲ್ಲಿ ಮೊದಲು ಏನನ್ನು ಮುಟ್ಟುತ್ತಾನೆ ಎಂದು ನೋಡಿದರೆ ಸಾಕು. ದರ್ಜಿ ಸೀಟಿನ ಹೊಲಿಗೆಯನ್ನು ಉಗುರಿನಿಂದ ಕೆದರುತ್ತಾನೆ. ರೈತ ಟೈರಿಗೆ ಒಂದು ಒದೆ ಕೊಡುತ್ತಾನೆ. ಎತ್ತಿನ ಗೊರಸು ನೋಡಿ ಬಂದ ಅಭ್ಯಾಸ. ಕಿರಾಣಿ ಅಂಗಡಿಯವನು ಡಿಕ್ಕಿ ತೆಗೆಸಿ ಎಷ್ಟು ಚೀಲ ಹಿಡಿದೀತೆಂದು ಕಣ್ಣಲ್ಲೇ ಅಳೆಯುತ್ತಾನೆ. ಮಾಸ್ತರರು ಕಾರಿನ ಮುಖ ನೋಡುವ ಮೊದಲೇ ಕಾಗದಪತ್ರ ಕೇಳುತ್ತಾರೆ. ನಾನು ವೆಲ್ಡರ್. ಇಸ್ತ್ರಿ ಮಾಡಿದ ಅಂಗಿಯಲ್ಲೇ ಕಾರಿನ ಕೆಳಗೆ ತೂರಿ ಅಂಗಾತ ಮಲಗಿದೆ.

ಮಲಗಿದ್ದು ತಪ್ಪಲ್ಲ. ಅಲ್ಲಿ ಕಂಡದ್ದಕ್ಕೆ ಮರುಳಾದೆನಲ್ಲ, ಕಥೆ ಇರುವುದು ಅಲ್ಲಿ.

ಏಳನೇ ಇಯತ್ತೆಗೆ ಶಾಲೆಗೆ ಶರಣು ಹೊಡೆದು ಕೈಯಲ್ಲಿ ವೆಲ್ಡಿಂಗ್ ರಾಡು ಹಿಡಿದವನು ನಾನು. ಮಾನ್ವಿಯ ಯಾವ ಓಣಿಯಲ್ಲಿ ನಿಂತರೂ ನಾನು ಮಾಡಿದ ಗೇಟೊಂದು ಕಣ್ಣಿಗೆ ಬೀಳುತ್ತದೆ. ಬೀಳದಿದ್ದರೆ ನಾನೇ ಬೆರಳು ಮಾಡಿ ತೋರಿಸುತ್ತೇನೆ. ಗಿರಾಕಿಗಳಿಗೆ ನಾನು ಹೇಳುವ ಮಾತು ಒಂದೇ: ಬೇಕಾದರೆ ಕಬ್ಬಿಣ ಮುರಿಯಲಿ, ನನ್ನ ಬೆಸುಗೆ ಬಿಡುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಜಗತ್ತಿನಲ್ಲಿ ಒಂದು ವಸ್ತು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಅದರ ಬೆಸುಗೆಯಿಂದಲೇ ತೀರ್ಮಾನವಾಗುತ್ತದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡುಬಿಟ್ಟಿದ್ದೆ.

ಕಾರು ಬೇಕಾದದ್ದು ಮಾತಿನ ಚಪಲದಿಂದ. ಮಗಳು ರೇಣುಕಾಳನ್ನು ದೇವದುರ್ಗಕ್ಕೆ ಕೊಟ್ಟಿದ್ದೇವೆ. ಚೊಚ್ಚಲು ಬಸುರಿ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಕುಬಸ, ಅಂದರೆ ಸೀಮಂತ, ಮುಗಿದ ಮೇಲೆ ಮಗಳನ್ನು ಕರೆತರುವುದು ಪದ್ಧತಿ. ಕುಬಸದ ದಿನ ಉಂಡು ಕೈ ತೊಳೆದು ಕೂತಾಗ ಅವಳ ಅತ್ತೆ ನಿಂಗಮ್ಮ ತಕರಾರು ತೆಗೆದಳು.

"ಬಾಡಿಗಿ ಗಾಡ್ಯಾಗ ನಮ್ಮ ಸೊಸೀನ ಕಳಸಂಗಿಲ್ಲ ಬೀಗರೇ. ಆ ಡ್ರೈವರಗೋಳು ಒಂದು ಕೈಲಿ ಫೋನ್ ಹಿಡೀತಾವ, ಒಂದು ಕೈಲಿ ಗಾಡಿ ಹೊಡೀತಾವ. ಬಸ್ಸಂತೂ ಬ್ಯಾಡೇ ಬ್ಯಾಡ. ಇಲ್ಲೇ ದವಾಖಾನಿ ಅದ, ಇಲ್ಲೇ ಹಡೀಲಿ ಬಿಡ್ರಿ."

ರೇಣುಕಾ ಬಾಗಿಲ ಮರೆಯಿಂದ ನನ್ನನ್ನೇ ನೋಡುತ್ತಿದ್ದಳು. ತವರಿಗೆ ಬರಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂದು ಆ ಕಣ್ಣು ನೋಡಿದರೆ ಕುರುಡನಿಗೂ ತಿಳಿಯುತ್ತಿತ್ತು.

"ಬಾಡಿಗಿ ಗಾಡಿ ಯಾಕ್ರೀ ಅಕ್ಕಾರೇ?" ಎಂದೆ. "ನಾ ಸ್ವಂತ ಕಾರ್ ತರ್ತೀನಿ. ನಾನೇ ಹೊಡೀತೀನಿ."

"ಹಂಗಾದ್ರ ಕಳಸ್ತೀನಿ" ಎಂದಳು ನಿಂಗಮ್ಮ.

ಆ ಹೊತ್ತಿಗೆ ನನ್ನ ಬಳಿ ಇದ್ದದ್ದು ಸಾಮಾನು ಸಾಗಿಸುವ ಹಳೆಯ ಲೂನಾ. ನನ್ನ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಅಂಗಡಿಯ ಪಕ್ಕದಲ್ಲೇ ಖಾಜಾಸಾಬನ ಗ್ಯಾರೇಜು. ಕಾರಿನ ಕೆಮ್ಮು ಕೇಳಿಯೇ ಕಾಯಿಲೆ ಹೇಳುವವನು. ಹಳೆಯ ಕಾರು ನೋಡಲು ರಾಯಚೂರಿಗೆ ಅವನನ್ನು ಕರೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಕಬ್ಬಿಣದ ಜೊತೆ ಇಷ್ಟು ವರ್ಷ ಬಾಳಿದವನಿಗೆ ಕಬ್ಬಿಣ ನೋಡಲು ಇನ್ನೊಬ್ಬರ ಕಣ್ಣು ಬೇಕೇ? ಹೀಗೆ ಕೇಳಿಕೊಂಡೆ, ಬೇಡ ಎಂದು ನಾನೇ ಉತ್ತರವನ್ನೂ ಕೊಟ್ಟುಕೊಂಡೆ. ಎರಡೂ ಕಡೆ ನಾನೇ ಕೂತ ಪಂಚಾಯಿತಿಗಳಲ್ಲಿ ನಾನು ಇದುವರೆಗೆ ಸೋತದ್ದಿಲ್ಲ.

ರಾಯಚೂರಿನ ಹೊರಗೆ ಒಂದು ಬಯಲಿನಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ನನಗೆ ಹಿಡಿಸಿದ್ದು ಬೆಳ್ಳಿ ಬಣ್ಣದ್ದು. ಆದರೆ ಮುಂದಿನ ಅರ್ಧದ ಬೆಳ್ಳಿ ಒಂದು ಥರ, ಹಿಂದಿನ ಅರ್ಧದ ಬೆಳ್ಳಿ ಇನ್ನೊಂದು ಥರ. ಕೇಳಿದೆ.

"ಗಿಡದ ನೆಳ್ಳಾಗ ನಿಂತಿತ್ತು ಸಾಬ್" ಎಂದ ಮಾರುವವ. "ಮುಂದ ನೆಳ್ಳು, ಹಿಂದ ಬಿಸಲು. ನಮ್ಮೂರ ಬಿಸಲು ನಿಮಗ ಹೇಳಬೇಕೇನು?"

ಹೇಳಬೇಕಾಗಿರಲಿಲ್ಲ. ನೋಡಿ, ರಾಯಚೂರು ಜಿಲ್ಲೆಯವರಾದ ನಾವು ಬಿಸಿಲಿನ ಮೇಲೆ ಯಾವ ಆಪಾದನೆ ಹೊರಿಸಿದರೂ ಸಾಕ್ಷಿ ಕೇಳದೆ ನಂಬುತ್ತೇವೆ. ಮಜ್ಜಿಗೆ ಕೆಟ್ಟರೆ ಬಿಸಿಲು, ಮದುವೆಗೆ ಮಂದಿ ಬರದಿದ್ದರೆ ಬಿಸಿಲು, ಅಳಿಯ ಸಿಡುಕಿದರೆ ಬಿಸಿಲು. ಕಾರು ಎರಡು ಬಣ್ಣವಾಗುವುದು ಬಿಸಿಲಿಗೆ ಏನು ದೊಡ್ಡ ಕೆಲಸ!

ಆಮೇಲೆ ಕೆಳಗೆ ಮಲಗಿದೆ. ಹಿಂದಿನ ಸೀಟಿನ ಅಡಿಗೆ ಬರುವಲ್ಲಿ ಕಪ್ಪು ಬಣ್ಣ ಉದುರಿತ್ತು. ಅಲ್ಲಿ ಕಂಡಿತು: ಕಾರಿನ ತಳಕ್ಕೆ ಅಡ್ಡಲಾಗಿ, ಈ ಬದಿಯಿಂದ ಆ ಬದಿಗೆ, ಒಂದು ಬೆಸುಗೆ. ಏನು ಬೆಸುಗೆ ಅಂತೀರಿ! ಕೌದಿ ಹೊಲಿಯುವ ಮುದುಕಿಯ ಸೂಜಿಯಂತೆ ಸಮಸಮ ಹೆಜ್ಜೆ. ಒಂದು ಕಡೆ ಉಬ್ಬಿಲ್ಲ, ಒಂದು ಕಡೆ ತೂತಿಲ್ಲ. ತಲೆಯ ಮೇಲೆ ಕೈಯೆತ್ತಿ ಹಾಕುವ ಬೆಸುಗೆ ಎಂಥ ಕಷ್ಟದ್ದು ಎಂದು ಹಾಕಿದವರಿಗೇ ಗೊತ್ತು. ಕಿಡಿ ನೇರ ಕೊರಳೊಳಗೆ ಬೀಳುತ್ತದೆ. ನಾನು ಮಲಗಿದಲ್ಲಿಂದಲೇ "ಶಭಾಷ್" ಎಂದೆ. ಹಾಕಿದ ಆ ಕೈಯನ್ನು ಮನಸ್ಸಿನಲ್ಲೇ ಮುಟ್ಟಿ ನಮಸ್ಕರಿಸಿದೆ. ಎದ್ದು ಬಂದು ವ್ಯಾಪಾರ ಮುಗಿಸಿದೆ. ಕಾರಿಗೆ ಅಲ್ಲಿ ಬೆಸುಗೆ ಯಾಕೆ ಬೇಕಾಯಿತು ಎಂಬ ಪ್ರಶ್ನೆ, ನನ್ನಾಣೆ, ನನಗೆ ಹೊಳೆಯಲೇ ಇಲ್ಲ. ಚಿನ್ನದ ಹಲ್ಲು ಕಂಡು ಖುಷಿಪಟ್ಟವನು ಮೊದಲಿನ ಹಲ್ಲು ಎಲ್ಲಿ ಹೋಯಿತೆಂದು ಕೇಳುತ್ತಾನೆಯೇ?

ಮಾನ್ವಿಯ ದಾರಿಯುದ್ದಕ್ಕೂ ಕಾರು ಎಡಕ್ಕೆ ಎಳೆಯಿತು. ಕಲ್ಲೂರು ದಾಟುವಷ್ಟರಲ್ಲಿ ನನ್ನ ಬಲರಟ್ಟೆ ಸೋತಿತ್ತು. ರಸ್ತೆಯ ಎಡಕ್ಕೇ ಇರಬೇಕೆಂಬ ಕಾಯಿದೆ ಗೊತ್ತಿರುವ ಕಾರು ಎಂದು ಮೆಚ್ಚಿಕೊಂಡೆ.

ಖಾಜಾಸಾಬ ಅದನ್ನು ಒಂದು ಸುತ್ತು ಓಡಿಸಿ, ಕೆಳಗೆ ಹೋಗಿ, ಬಂದು, ಕೈ ಒರೆಸಿಕೊಂಡ.

"ಮಲ್ಲಣ್ಣ, ನೀ ಒಂದು ಕಾರ್ ತಂದೀನಿ ಅಂದ್ಕೊಂಡಿ. ಎರಡು ತಂದೀ ಭಾಯ್."

"ಅಂದ್ರ?"

"ಮುಂದಿಂದು ಒಂದು ಕಾರು, ಹಿಂದಿಂದು ಒಂದು ಕಾರು. ಎರಡೂ ಎಲ್ಲೋ ಗುದ್ದಿಸ್ಕೊಂಡಾವ. ಛಲೋ ಉಳದಿದ್ದು ಕೊಯ್ದು ಕೂಡಿಸ್ಯಾರ."

ನನಗೆ ಸಿಟ್ಟು ಬಂತು. ಕಾರನ್ನು ಬೈದದ್ದಕ್ಕಲ್ಲ, ಬೆಸುಗೆಯನ್ನು ಬೈದದ್ದಕ್ಕೆ. "ಆ ಬೆಸುಗಿ ನೋಡಿಯೇನು? ಕಬ್ಬಿಣ ಮುರೀಬೇಕು, ಅದು ಬಿಡಂಗಿಲ್ಲ!"

"ಹೌದೇನು?" ಎಂದ ಖಾಜಾಸಾಬ, ಬೀಡಿ ಹಚ್ಚುತ್ತ. "ಹಂಗಾದ್ರ ಮಗಳ್ನ ಕೂಡಿಸು."

ಅಷ್ಟೇ ಅಂದ.  ಬೆಸುಗೆಯ ಮಾತನ್ನು ಇಡೀ ಊರಿಗೆ ಹೇಳಿಕೊಂಡು ಬಂದ ನಾನು ಕಾರಿನ ಹಿಂದಿನ ಬಾಗಿಲು ಮುಚ್ಚಿ ಬೀಗ ಹಾಕಿದೆ. 

ಮಾರಿದವನ ಬಳಿ ಜಗಳಕ್ಕೂ ಹೋದೆ. "ಸಾಬ್, ನಾ ಏನ್ ಮುಚ್ಚಿಟ್ಟೆ?" ಎಂದ ಅವನು ವಿನಯವಾಗಿ. "ನೀವೇ ಕೆಳಗ ಮಲಗಿದ್ರಿ, ನೋಡಿದ್ರಿ, ಶಭಾಷ್ ಅಂದ್ರಿ." ಅಲ್ಲಿ ನಿಂತಿದ್ದವರು ಹೌದೆಂದು ತಲೆಯಾಡಿಸಿದರು. ಶಭಾಷನ್ನು ವಾಪಸು ತೆಗೆದುಕೊಳ್ಳುವ ದಾರಿ ನನಗೆ ತಿಳಿಯಲಿಲ್ಲ.

ಕರೆತರುವ ದಿನ ಬಂತು. ಬೀಗರ ಮನೆಯಲ್ಲಿ ಹೇಳಲು ಹೆಂಡತಿ ಒಂದು ಸುಳ್ಳನ್ನು ಹೊಂದಿಸಿಟ್ಟಿದ್ದಳು: ಬ್ಯಾಟರಿ ಇಳಿದಿದೆ. ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಗೊತ್ತು ಮಾಡಿದೆ. ಗೊತ್ತು ಮಾಡುವ ಮೊದಲು, ಶುಭಕಾರ್ಯಕ್ಕೆಂದು ಉಟ್ಟ ಬಿಳಿ ಧೋತರದಲ್ಲೇ ಅದರ ಕೆಳಗೆ ಮಲಗಿ ತುದಿಯಿಂದ ತುದಿಯವರೆಗೆ ನೋಡಿದೆ. ಎಲ್ಲಿಯೂ ಬೆಸುಗೆಯಿರಲಿಲ್ಲ. ಬೆಸುಗೆ ಇಲ್ಲದ್ದಕ್ಕೆ ನಾನು ಸಂತೋಷಪಟ್ಟದ್ದು ಜನ್ಮದಲ್ಲಿ ಅದೇ ಮೊದಲು.

ದೇವದುರ್ಗದಲ್ಲಿ ಇಳಿದಾಗ ನಿಂಗಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು, ನನ್ನ ಹೊಸ ಕಾರಿಗೆ. ಹಳದಿ ನಂಬರ್ ಪ್ಲೇಟು ನೋಡಿದಳು. ಗ್ರೀಸು, ಧೂಳು ಮೆತ್ತಿದ ನನ್ನ ಬೆನ್ನನ್ನೂ ನೋಡಿದಳು.

"ಯಾಕ್ರೀ ಬೀಗರೇ, ಕಾರಿನಾಗ ಬರ್ತೀನಿ ಅಂದವರು ಕಾರಿನ ಕೆಳಗ ಬಂದೀರೇನು?"

ಓಣಿಯ ಹೆಂಗಸರೆಲ್ಲ ನಕ್ಕರು. ರೇಣುಕಾ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಅವಳೊಬ್ಬಳು ನಗಲಿಲ್ಲ. ಬಾಡಿಗೆ ಗಾಡಿಯೆಂದ ಮೇಲೆ ಅತ್ತೆ ಏನೆನ್ನುತ್ತಾಳೋ ಎಂದು ಚೀಲದ ಹಿಡಿಕೆಯನ್ನು ಹಿಂಡುತ್ತಿದ್ದಳು. ಹೆಂಡತಿ ಹಿಂದಿನಿಂದ "ಬ್ಯಾಟ್ರಿ, ಬ್ಯಾಟ್ರಿ" ಎಂದು ಪಿಸುಗುಟ್ಟಿದಳು.

"ಕಾರ್ ಮನ್ಯಾಗ ಅದ ಅಕ್ಕಾರೇ" ಎಂದೆ. "ಎರಡು ಮುರದ ಕಾರು ಕೂಡಿಸಿ ಒಂದು ಮಾಡಿದ್ದದು. ನಾನೇ ನೋಡಿ ನಾನೇ ಮೋಸ ಹೋದೆ. ಅದರಾಗ ನಾ ಬೇಕಾದ್ರ ಕೂಡ್ತೀನಿ, ಇಕಿನ್ನ ಕೂಡಸಂಗಿಲ್ಲ."

ನಿಂಗಮ್ಮ ಆರತಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ಅದರಾಗೇ ಕೂಡಿಸ್ಕೊಂಡು ಹೋಗಿದ್ರ ನಮಗೇನು ಗೊತ್ತಾಗ್ತಿತ್ತು?"

"ನಿಮಗ ಗೊತ್ತಾಗ್ತಿದ್ದಿಲ್ಲ. ನನಗ ಗೊತ್ತಿತ್ತಲ್ರೀ."

 ನಿಂಗಮ್ಮ ಒಳಗಿನಿಂದ ಎರಡು ದಿಂಬು ತರಿಸಿ ಹಿಂದಿನ ಸೀಟಿನಲ್ಲಿ ಇಡಿಸಿದಳು. ಡ್ರೈವರನ ಕಿಟಕಿಗೆ ಹೋಗಿ ಕೈ ಚಾಚಿದಳು. "ಲೇ ತಮ್ಮಾ, ಫೋನ್ ಇತ್ತ ಕೊಡು. ಮಾನ್ವಿಗೆ ಹೋದಮ್ಯಾಲ ಕೊಡ್ತೀನಿ." ಫೋನನ್ನು ಸೆರಗಿನಲ್ಲಿ ಗಂಟುಹಾಕಿಕೊಂಡು ಮುಂದಿನ ಸೀಟಿನಲ್ಲಿ ತಾನೇ ಹತ್ತಿ ಕೂತಳು. ಸಿರವಾರ ದಾಟಿ ಮಾನ್ವಿ ಬರುವವರೆಗೆ ಆ ಡ್ರೈವರ್ ಎತ್ತಿನ ಬಂಡಿಗೂ ದಾರಿ ಬಿಟ್ಟುಕೊಟ್ಟ. ಹಿಂದೆ ಎರಡು ದಿಂಬಿನ ನಡುವೆ ರೇಣುಕಾ ಪಕ್ಕದಲ್ಲಿ ಕೂತ ನನ್ನ ಬೆನ್ನಿನ ಗ್ರೀಸನ್ನು ಉಗುರಿನಿಂದ ಕೆರೆಯುತ್ತ, ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಿದ್ದಳು.

ಕಾರನ್ನು ಮಾರು ಎಂದರು ಹಲವರು. ಕೊಂಡವನು ಅದರಲ್ಲಿ ಯಾರ ಮಗಳನ್ನು ಕೂಡಿಸುತ್ತಾನೋ ನನಗೇನು ಗೊತ್ತು? ಒಂದು ದಿನ ನಾನೇ ಕೊಯ್ದೆ. ಇಂಜಿನ್ ಖಾಜಾಸಾಬನ ಗ್ಯಾರೇಜಿಗೆ ಹೋಯಿತು, ತಗಡು ಗುಜರಿಗೆ. ಹಿಂದಿನ ಸೀಟು ಮಾತ್ರ ಮೆತ್ತಗಿತ್ತು. ಕೊಳವೆಯ ನಾಲ್ಕು ಕಾಲು ಬೆಸೆದು ಅಂಗಡಿಯ ನೆರಳಿಗೆ ಹಾಕಿದೆ, ಗಿರಾಕಿಗಳು ಕೂಡಲಿ ಎಂದು.

ಮೊನ್ನೆ ನಿಂಗಮ್ಮ ಮೊಮ್ಮಗಳನ್ನು ನೋಡಲು ಬಂದವಳು ಕೂಸನ್ನು ಎತ್ತಿಕೊಂಡು ಅಂಗಡಿಗೂ ಬಂದಳು. ಆ ಕಾರಿನ ಸೀಟನ್ನು ಒಮ್ಮೆ ಅಲುಗಾಡಿಸಿ ನೋಡಿ, ರೇಣುಕಾಳನ್ನು ಪಕ್ಕಕ್ಕೆ ಕೂಡಿಸಿಕೊಂಡು, ಕೂತಳು. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಯಿತು. ಅಷ್ಟರಲ್ಲಿ ಮುರಿದ ಕುಂಟೆ ಹೊತ್ತುಕೊಂಡು ಗಿರಾಕಿಯೊಬ್ಬ ಬಂದು, ಇದಕ್ಕೆ ಈಗಲೇ ಬೆಸುಗೆ ಹಾಕಬೇಕೆಂದು ಜೋರು ದನಿಯಲ್ಲಿ ಅವಸರಪಡಿಸಿದ. ನಾನು ಮಿಷನ್ ಆರಿಸಿ ತುಟಿಯ ಮೇಲೆ ಬೆರಳಿಟ್ಟೆ.

"ಸುಮ್ನ ನಿಂದ್ರಪ್ಪಾ. ಕಾರಿನಾಗ ಮಂದಿ ಅದಾರ."