ತಾನೇ ಸರಿಯುವ ಸೀಟು

ಬ್ರೇಕ್ ಮೇಷ್ಟ್ರು ಅಂದರೆ ಸಾಕು, ಆ ಬಡಾವಣೆಯಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಕಾರು ಕಲಿಸುವ ಶಾಲೆಯ ಗಾಡಿಗೆ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಅವರ ಆಯುಷ್ಯವೆಲ್ಲ ಸವೆದಿದೆ. ಊರಿನ ಅರ್ಧ ಜನ ಅವರ ಕೈಯಲ್ಲಿ ಕಲಿತವರು, ಅಂದರೆ ಅವರ ಕಾಲಿನಿಂದ ಬದುಕಿದವರು. ಆ ಕಾಲಿಗೆ ರಜೆ ಅನ್ನುವುದೇ ಗೊತ್ತಿಲ್ಲ. ಬಸ್ಸಿನಲ್ಲಿ ಕೂತರೂ ಒತ್ತುತ್ತದೆ, ಸಿನಿಮಾದಲ್ಲಿ ಲಾರಿ ಎದುರು ಬಂದರೂ ಒತ್ತುತ್ತದೆ. ಒತ್ತುವ ಮೊದಲು ಮುಖದಲ್ಲಿ ಹುಬ್ಬು ಗಂಟಾಗಿ, ತುಟಿ ಬಿಗಿದು, ಇನ್ನೇನು ಎಲ್ಲ ಮುಗಿಯಿತು ಅನ್ನುವ ಕಳೆ ಬರುತ್ತದೆ. ಕಲಿಯಲು ಬಂದವರು ರಸ್ತೆಗಿಂತ ಆ ಮುಖಕ್ಕೇ ಹೆಚ್ಚು ಹೆದರುತ್ತಿದ್ದರು.

ಹೆದರದೆ ಇದ್ದವಳು ಒಬ್ಬಳೇ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಪೆಡಲ್ ತುಳಿದು ಪಳಗಿದವಳು, ಮೊದಲ ಪಾಠದಲ್ಲೇ ಆಕ್ಸಿಲರೇಟರನ್ನೂ ಹಾಗೇ ತುಳಿದಳು. ಮೇಷ್ಟ್ರು ಬ್ರೇಕ್ ಒತ್ತಿದರು. ಅವಳು ನಕ್ಕಳು. ಮುಂದೆ ಅವಳನ್ನೇ ಮದುವೆಯಾದರು, ಆಮೇಲೂ ಅವಳು ಅವರನ್ನು ಮೇಷ್ಟ್ರೇ ಎಂದೇ ಕರೆದಳು. ಅವರು ಅವಳನ್ನು ಇವಳೇ ಎಂದರು. ಹೆಸರು ಹಿಡಿದು ಕರೆಯುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

ಅವಳಿಗೆ ಒಂದೇ ಒಂದು ಹುಚ್ಚು. ಜೋರಾಗಿ ಓಡುವ ಕಾರು ಬೇಕು, ಅದೂ ಮನೆಮಂದಿ ಎಲ್ಲ ಕೂರುವಂಥ ಸೆಡಾನೇ ಆಗಬೇಕು. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಇಬ್ಬರು ಮಾಲೀಕರ ಕೈ ದಾಟಿ ಬಂದ ಒಂದು ಕಪ್ಪು ಗಾಡಿ ಸಿಕ್ಕಿತು. ಅಗಲವಾದ ಟೈರು, ಟರ್ಬೊ ಇಂಜಿನ್, ತೊಗಲಿನ ಸೀಟು. ಹೊಸದರ ಕಾಲು ಭಾಗದ ಬೆಲೆಗೆ ಕೊಡುತ್ತಿದ್ದರು.

ಮೇಷ್ಟ್ರ ಕೈಯಲ್ಲೇ ಕಲಿತಿದ್ದ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ ತಲೆ ಕೆರೆದುಕೊಂಡ. "ಮೇಷ್ಟ್ರೇ, ಗಾಡಿ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯಲ್ಲ. ಇದರ ನೀರಿನ ಪಂಪು ಪ್ಲಾಸ್ಟಿಕ್ಕಿಂದು, ಯಾವತ್ತು ಬೇಕಾದ್ರೂ ಕೈ ಕೊಡುತ್ತೆ. ಇಂಜಿನ್ ಮೇಲಿನ ಗ್ಯಾಸ್ಕೆಟ್ಟಿಂದ ಆಯಿಲ್ ಸೋರ್ತಿದೆ. ಟರ್ಬೊ ಹೋದ್ರಂತೂ ಕೇಳಲೇಬೇಡಿ. ಬಿಳಿ ಆನೆ ಇದು."

"ಕಪ್ಪಿದೆಯಲ್ಲಪ್ಪ," ಎಂದಳು ಅವಳು. ಅಲ್ಲಿಗೆ ವ್ಯಾಪಾರ ಮುಗಿಯಿತು.

ಅವನು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಮಳೆ ಬರುವ ಮೊದಲೇ ಪಂಪು ಹೋಯಿತು. ಆ ಒಂದು ಪಂಪಿನ ಬೆಲೆಗೆ ಶಾಲೆಯ ಗಾಡಿಗೆ ನಾಲ್ಕೂ ಟೈರು ಬರುತ್ತಿತ್ತು. ಆಮೇಲೆ ಗ್ಯಾಸ್ಕೆಟ್, ಆಮೇಲೆ ಇಗ್ನಿಷನ್ ಕಾಯಿಲ್ ಒಂದೊಂದಾಗಿ, ಸಸ್ಪೆನ್ಷನ್ ಬುಷ್ಷು ಎಲ್ಲ ಒಟ್ಟಿಗೆ. ಅವಳು ಓವರ್‌ಟೈಮ್ ಹೊಲಿದು ಕೊಟ್ಟಳು, ಗೊಣಗಲಿಲ್ಲ. ಗೊಣಗುವ ಗುತ್ತಿಗೆ ಮೇಷ್ಟ್ರದಾಗಿತ್ತು.

ಆ ಗಾಡಿಯಲ್ಲಿ ಒಂದು ಸೌಲಭ್ಯವಿತ್ತು. ಓಡಿಸುವವರು ತಮಗೆ ಬೇಕಾದ ಹಾಗೆ ಸೀಟು, ಸ್ಟೀರಿಂಗು, ಹೊರಗಿನ ಕನ್ನಡಿಗಳನ್ನು ಹೊಂದಿಸಿ ಒಂದು ಗುಂಡಿ ಒತ್ತಿದರೆ ಗಾಡಿ ಅದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಕುಳ್ಳಗಿದ್ದ ಅವಳು ತನ್ನ ಕೀಲಿಯಿಂದ ಬಾಗಿಲು ತೆಗೆದರೆ ಸೀಟು ಜುಂಯ್ ಎಂದು ಮುಂದೆ ಸರಿದು, ಸ್ಟೀರಿಂಗು ತಗ್ಗಿ, ಕನ್ನಡಿಗಳು ತಿರುಗಿ ಅವಳಿಗಾಗಿ ಅಣಿಯಾಗುತ್ತಿದ್ದವು. ಪಕ್ಕದ ಸೀಟಿನ ಕಡೆಯ ಕನ್ನಡಿ ಮಾತ್ರ ವಿಪರೀತ ಒಳಕ್ಕೆ ತಿರುಗುತ್ತಿತ್ತು. ಗಾಡಿ ತೊಳೆಯುವಾಗೆಲ್ಲ ಮೇಷ್ಟ್ರ ಕಣ್ಣಿಗೆ ಅದು ಕಸದ ಹಾಗೆ ಚುಚ್ಚುತ್ತಿತ್ತು.

"ಇವಳೇ, ಹೀಗಿಟ್ರೆ ಹಿಂದಿನ ಗಾಡಿ ಕಾಣಲ್ಲ ಕಣೇ. ನಮ್ಮ ಗಾಡಿ ಬಾಗಿಲೇ ಕಾಣೋದು. ಇಷ್ಟು ವರ್ಷ ಕಲಿಸಿದ್ದು ನೀರಲ್ಲಿ ಹೋಮ ಆಯ್ತು."

"ನಂಗೆ ಬೇಕಾದ್ದು ಕಾಣುತ್ತೆ ಬಿಡಿ, ಮೇಷ್ಟ್ರೇ."

ಇನ್ನೊಂದು ವಿಚಿತ್ರವೆಂದರೆ, ಇಷ್ಟೆಲ್ಲ ಮಾಡಿ ಕೊಂಡ ಗಾಡಿಯನ್ನು ಅವಳು ಓಡಿಸಿದ್ದು ಆಮೆಯ ಹಾಗೆ. ನಗರದ ಹೊರಗಿನ ಹೆದ್ದಾರಿ ಬರಿದಾಗಿ ಬಿದ್ದಿದ್ದರೂ ಸ್ವಲ್ಪ ಜೋರಾಗಿ ಹೋಗುವಳು, ಅಷ್ಟರಲ್ಲೇ ಕಾಲು ಹಿಂದೆ ತೆಗೆಯುವಳು. ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರು ಕಣ್ಣನ್ನು ರಸ್ತೆಯಿಂದ ಕದಲಿಸದೆಯೇ ಚುಚ್ಚುತ್ತಿದ್ದರು: "ಬಾಯಲ್ಲಿ ಮಾತ್ರ ಶೂರತನ. ಕಾಲಲ್ಲಿ ದಮ್ಮಿಲ್ಲ." ಅವಳು ಸುಮ್ಮನೆ ನಗುತ್ತಿದ್ದಳು. ಗ್ಯಾರೇಜಿನವನು ಒಮ್ಮೆ ಮ್ಯಾಟುಗಳನ್ನು ಕೊಡವುತ್ತ, "ಮೇಷ್ಟ್ರೇ, ಓಡಿಸೋರ ಕಡೆ ಮ್ಯಾಟು ಹೊಸದರ ಹಾಗಿದೆ. ಪಕ್ಕದ ಸೀಟಿಂದು ತೂತು ಬಿದ್ದಿದೆ," ಎಂದ. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಆದ ತೂತು ಅದು.

ಕಳೆದ ವರ್ಷ ನಾಲ್ಕಾರು ದಿನದ ಜ್ವರದಲ್ಲಿ ಅವಳು ಹೋಗಿಬಿಟ್ಟಳು. ಎರಡು ಹೊತ್ತು ಆಸ್ಪತ್ರೆಯಲ್ಲಿ ಮಾತಾಡಿದವಳು ಮೂರನೆಯ ಹೊತ್ತಿಗೆ ಬಿಳಿ ಬಟ್ಟೆಯ ಕೆಳಗಿದ್ದಳು. ಮೇಷ್ಟ್ರಿಗೆ ಅಳು ಬರಲಿಲ್ಲ. ಅಲ್ಲೂ ಕಾಲು ನೆಲವನ್ನು ಒತ್ತುತ್ತಲೇ ಇತ್ತು.

ಗಾಡಿ ಮನೆ ಮುಂದೆ ನಿಂತೇ ಇತ್ತು. ಕೆಲವು ವಾರಗಳ ನಂತರ, ಒಂದು ಸಂಜೆ ಮೇಷ್ಟ್ರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಜುಂಯ್ ಎಂಬ ಸದ್ದು ಕೇಳಿತು. ನೋಡಿದರೆ ಗಾಡಿಯೊಳಗೆ ಸೀಟು ಮೆಲ್ಲಗೆ ಮುಂದೆ ಸರಿಯುತ್ತಿದೆ. ಸ್ಟೀರಿಂಗು ತಗ್ಗಿತು. ಆ ಕನ್ನಡಿ ಒಳಕ್ಕೆ ತಿರುಗಿತು. ಎರಡೂ ಕೀಲಿ ಒಳಗೆ ಬೀರುವಿನಲ್ಲಿದ್ದವು. ಮೇಷ್ಟ್ರಿಗೆ ಭಯವಾಯಿತು, ಆದರೆ ಆ ಭಯದ ಅಡಿಯಲ್ಲಿ ಒಂದು ಆಸೆಯೂ ಇತ್ತು. ಎದ್ದು ನಿಂತು, "ಬಂದೆ, ತಡಿ," ಎಂದು ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ಖಾಲಿ ಸೀಟು ಸ್ಟೀರಿಂಗಿಗೆ ಅಂಟಿಕೊಂಡಂತೆ ನಿಂತಿತ್ತು, ನಡುವೆ ಅವಳೊಬ್ಬಳಿಗಷ್ಟೇ ಆಗುವ ಜಾಗ. ಕತ್ತಲಾಗುವವರೆಗೂ ಇಬ್ಬರೂ ಎಲ್ಲಿಗೂ ಹೋಗಲಿಲ್ಲ.

ಅದೇ ರೂಢಿಯಾಯಿತು. ಸೀಟು ಸಂಜೆ ಸರಿಯಬಹುದು, ಬೆಳಿಗ್ಗೆ ಹಲ್ಲುಜ್ಜುವಾಗ ಸರಿಯಬಹುದು, ಸರಿದಾಗೆಲ್ಲ ಮೇಷ್ಟ್ರು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಕೂರುವರು. ಪಕ್ಕದ ಮನೆಯವರು ಕಿಟಕಿ ಪರದೆ ಎಳೆದುಕೊಳ್ಳತೊಡಗಿದರು. ಬ್ಯಾಟರಿ ಮೇಲಿಂದ ಮೇಲೆ ಇಳಿಯುತ್ತಿತ್ತು. ಕೊನೆಗೆ ಗ್ಯಾರೇಜಿನವನೇ ಮನೆಗೆ ಬಂದು ಸೀಟಿನ ಕೆಳಗೆ ಮಲಗಿ ನೋಡಿದ.

"ಇಂಥ ಗಾಡಿಗಳಲ್ಲಿ ಇದು ಇದ್ದದ್ದೇ, ಮೇಷ್ಟ್ರೇ. ಸೀಟಿನ ಕೆಳಗೆ ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಇರುತ್ತೆ. ಗಾಡಿ ನಿಲ್ಲಿಸಿದ ಮೇಲೆ ಅದು ಮಲಗಬೇಕು. ಇದು ಮಲಗ್ತಿಲ್ಲ. ವೈರು ಬಿಸಿಯಾಗಿ ಕರಗಿದೆ, ನೋಡಿ. ಹೀಗೇ ಬಿಟ್ರೆ ಹೊತ್ಕೊಂಡು ಉರಿಯುತ್ತೆ. ಬದಲಾಯಿಸಲೇಬೇಕು. ಬೆಲೆ ಜಾಸ್ತಿನೇ ಇದೆ."

"ಬೆಲೆ ಬಿಡು. ಹೊಸದರಲ್ಲಿ ಅವಳ ಸೀಟು ಇರುತ್ತಾ?"

ಅವನು ಸೀಟಿನ ಕೆಳಗಿನಿಂದ ಎದ್ದು ಕೂತ. "ಇರಲ್ಲ, ಹಳೇ ನೆನಪೆಲ್ಲ ಅಳಿಸಿಹೋಗುತ್ತೆ. ಅಳತೆ ತಗೊಂಡು ಅಲ್ಲೇ ಇಡಬಹುದು."

"ಅದು ನೀನಿಟ್ಟಿದ್ದಾಗುತ್ತೆ. ಅವಳಿಟ್ಟಿದ್ದು ಹೇಗಾಗುತ್ತೆ?"

ಅವನು ಬಂದ ದಾರಿಗೆ ಸುಂಕವಿಲ್ಲದೆ ಹೋದ, ಹೋಗುವಾಗ ಮೇಷ್ಟ್ರ ಮಗಳಿಗೆ ಫೋನ್ ಮಾಡಿದ. ಮಗಳು ಬಂದವಳೇ ತಂದೆಯ ಮುಂದೆ ಕೂತಳು. ಎತ್ತರದಲ್ಲೂ ಹಟದಲ್ಲೂ ತಾಯಿಯ ಅಚ್ಚು.

"ಅಪ್ಪ, ಅಮ್ಮನ್ನ ಕಳ್ಕೊಂಡಿದೀನಿ. ನೀನು ಆ ಗಾಡಿಯೊಳಗೆ ಕೂತು ಸುಟ್ಟುಹೋದ್ರೆ ನಾನೇನು ಮಾಡಲಿ?"

ಮೇಷ್ಟ್ರು ಪೆಟ್ಟಿಗೆ ಬದಲಾಯಿಸಲು ಒಪ್ಪಿದರು. ಮಾರನೆಯ ದಿನ ಬೆಳಿಗ್ಗೆ ಹೆಂಡತಿಯ ಕೀಲಿಯನ್ನು ಬೀರುವಿನಿಂದ ತೆಗೆದು ಮಗಳ ಕೈಗಿಟ್ಟರು. ಗ್ಯಾರೇಜು ಹೆದ್ದಾರಿಯ ಆ ತುದಿಯಲ್ಲಿತ್ತು. ಸೀಟು ಕೊನೆಯ ಸಲ ಜುಂಯ್ ಎಂದು ಸರಿಯಿತು. ಮಗಳು ಅದರಲ್ಲಿ ಕೂತಳು. ಒಂದು ಕೂದಲೆಳೆಯಷ್ಟೂ ಹೊಂದಿಸಬೇಕಾಗಲಿಲ್ಲ.

"ಅಮ್ಮ ಈ ಕನ್ನಡಿ ಹೇಗಿಟ್ಟಿದ್ದಾಳೆ ನೋಡಪ್ಪ," ಎಂದಳು ನಗುತ್ತ. "ರಸ್ತೆನೇ ಕಾಣಲ್ಲ. ನೀನೇ ಕಾಣ್ತೀಯ. ಸರಿ ಮಾಡ್ಲಾ?"

"ಬೇಡ. ಹಾಗೇ ಇರಲಿ. ಹಿಂದೆ ಬರೋ ಗಾಡಿ ನೋಡ್ಕೊಳ್ಳೋಕೆ ನಾನಿದೀನಿ."

ಹೆದ್ದಾರಿ ಖಾಲಿಯಾಗಿತ್ತು. ಮಗಳು ಆಕ್ಸಿಲರೇಟರ್ ಒತ್ತಿದಳು, ಇಂಜಿನ್ನಿನ ದನಿ ಏರಿತು. ತಕ್ಷಣವೇ ಇಳಿಯಿತು. ಮತ್ತೆ ಒತ್ತಿದಳು, ಮತ್ತೆ ಇಳಿಯಿತು. ಆ ಏರಿಳಿತ ಮೇಷ್ಟ್ರಿಗೆ ಚಿರಪರಿಚಿತ.

"ಯಾಕೆ, ಏನಾಯ್ತು? ಗಾಡಿ ಎಳೀತಿಲ್ವಾ?"

"ಗಾಡಿ ಎಳೆಯುತ್ತೆ. ಕನ್ನಡಿಲಿ ನಿನ್ನ ಮುಖ ನೋಡಿದ್ರೆ ನನ್ನ ಕಾಲೇ ತಾನಾಗಿ ಮೇಲೆ ಬರುತ್ತೆ, ಅಪ್ಪ. ಅಷ್ಟು ಹೆದರ್ಕೊಂಡಿದೀಯ."

ಮೇಷ್ಟ್ರು ಆ ಕನ್ನಡಿಯತ್ತ ತಿರುಗಿದರು. ಅಷ್ಟು ವರ್ಷ ಅದರ ಪಕ್ಕದಲ್ಲೇ ಕೂತವರು ಒಮ್ಮೆಯೂ ಅದರೊಳಗೆ ನೋಡಿರಲಿಲ್ಲ, ಕಣ್ಣು ಯಾವಾಗಲೂ ಮುಂದಿನ ರಸ್ತೆಯಲ್ಲಿ ನೆಟ್ಟಿರುತ್ತಿತ್ತು. ಅದರಲ್ಲಿ ಎರಡು ಕಣ್ಣು ಅವರನ್ನೇ ನೋಡುತ್ತಿದ್ದವು. ಮಗಳವೇ, ಗೊತ್ತಿತ್ತು. ಆದರೂ ಅವು ಯಾರ ಕಣ್ಣು ಎಂಬುದೂ ಗೊತ್ತಿತ್ತು. ಕಾಲಲ್ಲಿ ದಮ್ಮಿಲ್ಲವೆಂದು ಹಂಗಿಸಿಕೊಂಡವಳು ಪ್ರತಿ ಸಲ ಈ ಮುಖ ನೋಡಿ ಕಾಲು ಹಿಂದೆ ತೆಗೆದಿದ್ದಳು. ಅವರು ಒಮ್ಮೆ ತಿರುಗಿದ್ದರೂ ಸಾಕಿತ್ತು, ಅವಳು ಅಲ್ಲೇ ಕಾಣುತ್ತಿದ್ದಳು. ಅವಳ ಬಿಳಿ ಆನೆಗೆ ಶಾಲೆಯ ಗಾಡಿಯ ಹಾಗೇ ಎರಡನೆಯ ಬ್ರೇಕ್ ಇತ್ತು. ಅದು ಅವರ ಮುಖದಲ್ಲಿತ್ತು.

ಮೇಷ್ಟ್ರು ಒಮ್ಮೆ ಹಿಂದಿನ ಗಾಜಿನತ್ತ ತಿರುಗಿ ನೋಡಿ, ಎರಡೂ ಕಾಲುಗಳನ್ನು ತೂತು ಬಿದ್ದ ಮ್ಯಾಟಿನಿಂದ ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡರು. ಜೇಬಿನಿಂದ ಬಿಳಿಯ ಕರವಸ್ತ್ರ ತೆಗೆದು, ಬಿಡಿಸಿ, ಮುಖದ ಮೇಲೆ ಹೊದ್ದು ಹಿಂದಕ್ಕೆ ಒರಗಿದರು.

"ಅಪ್ಪ, ಇದೇನಿದು?"

"ಹಿಂದೆ ಯಾರೂ ಇಲ್ಲ, ನೋಡಿದೀನಿ. ರಸ್ತೆ ನೋಡ್ಕೊಂಡು ಹೋಗು."

ಇಂಜಿನ್ನಿನ ದನಿ ಏರಿತು. ಈ ಸಲ ಇಳಿಯಲಿಲ್ಲ. ಸೀಟು ಅವರ ಬೆನ್ನನ್ನು ನೂಕಿತು, ಗಾಳಿ ಕಿಟಕಿಯಲ್ಲಿ ಕಿರುಚಿತು. ಎತ್ತಿಟ್ಟ ಕಾಲು ಬ್ರೇಕ್ ಒತ್ತಲು ಕೆಳಗಿಳಿಯಹೊರಟಿತು, ಅದನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದುಕೊಂಡರು. ಕರವಸ್ತ್ರ ಕಣ್ಣಿನ ಜಾಗದಲ್ಲಿ ಒದ್ದೆಯಾಗಿ ಅಂಟಿಕೊಂಡಿತು.

"ಒತ್ತು, ಇವಳೇ," ಎಂದರು ಬಟ್ಟೆಯ ಕೆಳಗಿನಿಂದ. "ಇನ್ನೂ ಒತ್ತು."

ಯಾರಿಗೆ ಹೇಳಿದ್ದು ಎಂದು ಮಗಳು ಕೇಳಲಿಲ್ಲ, ಒತ್ತಿದಳು.