ಲಿಸ್ಬನ್ ಟ್ರಾಮಿಗೆ ಎಸೆದ ಟವೆಲ್ಲು

ಲಿಸ್ಬನ್ನಿನಲ್ಲಿ ನಿಂತಿದ್ದ ಟ್ರಾಮಿನ ಕಿಟಕಿಯೊಳಗೆ ಟವೆಲ್ಲು ಎಸೆದೇಬಿಟ್ಟೆ!

ಬೇಕೆಂದು ಮಾಡಿದ್ದಲ್ಲ ಕಣ್ರೀ. ಖಾಲಿ ಟ್ರಾಮ್ ಬಂತು, ಕಿಟಕಿ ತೆರೆದಿತ್ತು, ಜನ ಮುಂದಕ್ಕೆ ಸರಿದರು... ಬಿಸಿಲಿಗೆ ಕುತ್ತಿಗೆಗೆ ಸುತ್ತಿಕೊಂಡಿದ್ದ ಟವೆಲ್ಲಿಗೆ ಕೈ ತಾನಾಗಿ ಹೋಯಿತು.

ಕಾಲೇಜು ಮುಗಿಯುವ ತನಕ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ಸಿಗೆ ಹೀಗೇ ಸೀಟು ಹಿಡಿದವಳು ನಾನು. ಟವೆಲ್ಲೋ ಕರ್ಚೀಫೋ ಒಳಗೆ ಬಿತ್ತೆಂದರೆ ಸೀಟು ನಮ್ಮದು. ಆಮೇಲೆ ನಿಧಾನಕ್ಕೆ ಹತ್ತಿದರಾಯಿತು.

ತಿರುಗಿ ನೋಡಿದರೆ ಉದ್ದಕ್ಕೆ ಕ್ಯೂ! ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನಾಚಿಕೆಯಿಂದ ಸತ್ತೇ ಹೋದೆ, ಬ್ಯಾಗ್ ಎತ್ತಿಕೊಂಡು ಸೀದಾ ಕ್ಯೂ ಕೊನೆಗೆ ಹೋಗಿ ನಿಂತೆ.

ಮೊದಲೇ ಮನಸ್ಸು ಸರಿ ಇರಲಿಲ್ಲ. ಜೊತೆಗೆ ಬರಬೇಕಿದ್ದ ಚಿಕ್ಕಪ್ಪನ ಮಗಳಿಗೆ ವೀಸಾ ಸಿಗದೆ, ಹಠಕ್ಕೆ ಬಿದ್ದು ಒಬ್ಬಳೇ ಹೊರಟಿದ್ದೆ. ಪ್ರವಾಸಿಗರ ಹಾಸ್ಟೆಲ್ಲಿನಲ್ಲಿ ಎಲ್ಲರೂ ಗುಂಪು ಗುಂಪಾಗಿ ನಗುತ್ತಾರೆ, ನನಗೆ ಮಾತೇ ಹೊರಡುತ್ತಿಲ್ಲ.

ಬಸ್ಸಿಳಿಯುವಷ್ಟರಲ್ಲಿ ಪಕ್ಕದವರ ಮಗಳ ಮದುವೆ ವಿಷಯದವರೆಗೂ ತಿಳಿದುಕೊಳ್ಳುವ ನಾನು! ಅವತ್ತು ಸಂಜೆ ಟಿಕೆಟ್ ಬದಲಾಯಿಸಿ ಊರಿಗೆ ಹೊರಡುವುದೆಂದು ತೀರ್ಮಾನಿಸಿಯಾಗಿತ್ತು.

ಟವೆಲ್ಲು ಬಿಟ್ಟು ಓಡಿಹೋಗಬಹುದಿತ್ತು. ಆದರೆ ಹೊರಡುವಾಗ ಅಮ್ಮ ಬ್ಯಾಗಿಗೆ ತುರುಕಿದ್ದ ಟವೆಲ್ಲು ಅದು... ಕೊನೆಯವಳಾಗಿ ಹತ್ತಿದೆ.

ಒಳಗೆ ಕಾಲಿಡಲು ಜಾಗವಿಲ್ಲ. ಒಂದು ಸೀಟು ಮಾತ್ರ ಖಾಲಿ, ಅದರ ಮೇಲೆ ನನ್ನ ಟವೆಲ್ಲು!

ಪಕ್ಕದ ಸೀಟಿನಲ್ಲಿ ಕೆಂಚು ಕೂದಲಿನ ಹುಡುಗಿಯೊಬ್ಬಳು ಅದಕ್ಕೆ ಕೈ ಅಡ್ಡ ಇಟ್ಟು ಕಾಯುತ್ತಿದ್ದಾಳೆ. ಅವಳ ಜೊತೆಗಾರ ಪಾಪ ನಿಂತೇ ಇದ್ದಾನೆ.

ಅವಳು ಪೋಲೆಂಡಿನ ಇಲೋನಾ, ಅವನು ಬ್ರೆಜಿಲಿನ ಪೆದ್ರೊ. ನನ್ನ ಹಾಗೇ ಬ್ಯಾಗ್ ಹೊತ್ತು ತಿರುಗುವವರು, ಅವರಿಬ್ಬರಿಗೂ ಹಿಂದಿನ ದಿನವಷ್ಟೇ ಪರಿಚಯವಂತೆ. ಇಷ್ಟು ಧೈರ್ಯವಾಗಿ ಟವೆಲ್ಲು ಎಸೆದವಳು ಯಾರೆಂದು ನೋಡಲೇಬೇಕಿತ್ತು ಎಂದಳು ಇಲೋನಾ.

ನಾನು ಕೂತು, ಅರಸೀಕೆರೆ ಬಸ್‌ಸ್ಟ್ಯಾಂಡಿನ ಕಾನೂನನ್ನು ಪೂರ್ತಿ ವಿವರಿಸಿದೆ. ಯಾರಾದರೂ ಟವೆಲ್ಲು ಸರಿಸಿ ಕೂತರೆ ಜಾವಗಲ್ ಬರುವವರೆಗೂ ಜಗಳ ನಡೆಯುತ್ತದೆ ಎಂದೆ. ಪೆದ್ರೊ ನಕ್ಕೂ ನಕ್ಕೂ ಕಂಬಿಗೆ ಜೋತುಬಿದ್ದ.

ಅಷ್ಟೇ... ನನ್ನ ಬಾಯಿ ಬಿಚ್ಚಿತು! ಸಂಜೆಯವರೆಗೆ ಮೂವರೂ ಏರು, ಇಳಿಜಾರು ಅನ್ನದೆ ಸುತ್ತಿದೆವು. ಹೊಳೆ ದಂಡೆಯಲ್ಲಿ ಕೂತು ಬ್ರೆಡ್ಡಿಗೆ ಅಮ್ಮನ ಚಟ್ನಿಪುಡಿ ಉದುರಿಸಿ ತಿಂದೆವು. ಟಿಕೆಟ್ ಬದಲಾಯಿಸುವುದು ಮರೆತೇ ಹೋಯಿತು.

ಬೀಳ್ಕೊಡುವ ದಿನ ಕೊಡಲು ಏನೂ ಇಲ್ಲದೆ ಇಲೋನಾಳಿಗೆ ಆ ಟವೆಲ್ಲನ್ನೇ ಕೊಟ್ಟೆ. ನಮ್ಮೂರಿಗೆ ಬಾ ಎಂದೆ, ಬಂದೇ ಬರುತ್ತೇನೆ ಎಂದಳು. ಪ್ರವಾಸದಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ, ನಾನು ನಂಬಲಿಲ್ಲ.

ಅಮ್ಮನಿಗೆ ಮಾತ್ರ ಒಂದೇ ಕೊರಗು. “ಅಯ್ಯೋ, ಹೋಗಿ ಹೋಗಿ ಹಳೇ ಟವಲ್ ಕೊಟ್ಟು ಬಂದ್ಯಲ್ಲೇ!”

ಕಳೆದ ಭಾನುವಾರ ಇಲೋನಾ ಬಂದೇಬಿಟ್ಟಳು!

ಅರಸೀಕೆರೆಯಲ್ಲಿ ರೈಲಿಳಿದವಳನ್ನು ಅಪ್ಪಿಕೊಂಡು ಬಸ್‌ಸ್ಟ್ಯಾಂಡಿಗೆ ಕರೆತಂದೆ. ನಾನು ಎಳನೀರು ತರಲು ಅತ್ತ ಹೋಗುವುದಕ್ಕೂ ಹಳೇಬೀಡಿನ ಮೇಲೆ ಹೋಗುವ ಬೇಲೂರು ಬಸ್ಸು ಬರುವುದಕ್ಕೂ ಸರಿಹೋಯಿತು. ಜನ ಮುಗಿಬಿದ್ದರು. ಓಡಿ ಬರುವಷ್ಟರಲ್ಲಿ ಬಸ್ಸು ಫುಲ್, ಇಲೋನಾ ಬಾಗಿಲ ಹತ್ತಿರ ಎಳನೀರಿಗೆ ಕೈ ಚಾಚಿ ನಗುತ್ತಿದ್ದಾಳೆ.

ನಿಂತೇ ಹೋಗಬೇಕಲ್ಲ ಎಂದುಕೊಂಡು ಹತ್ತಿದರೆ, ಒಳಗಿನಿಂದ ಮಾದಿಹಳ್ಳಿ ಕಡೆಯ ಅಜ್ಜಿಯೊಬ್ಬರ ಗಂಟಲು...

“ಏಯ್, ಏಳ್ರಲಾ ಮ್ಯಾಕೆ! ಟವಲ್ ಹಾಕೈತೆ, ಕಾಣಾಕಿಲ್ವಾ? ಆ ಬಿಳಿ ಹುಡುಗಿ ಕಿಟಕೀಲಿ ಎಸುದ್ಲು, ನಾನೇ ನೋಡಿವ್ನಿ. ಇಬ್ರು ಅಂತ ಎಲ್ಡು ಬೆಳ್ಳು ಬೇರೆ ತೋರ್ಸವ್ಳೆ!”

ಆಗಷ್ಟೇ ಕೂತಿದ್ದ ಕಾಲೇಜು ಹುಡುಗರಿಬ್ಬರು ದಡಬಡಿಸಿ ಎದ್ದರು. ನೋಡಿದರೆ, ಅಮ್ಮನ ಅದೇ ಹಳೇ ಟವೆಲ್ಲು!

ಇಲೋನಾ ಕಿಟಕಿ ಪಕ್ಕ ಕೂತು, ಪಕ್ಕದ ಜಾಗ ತಟ್ಟಿ ನನ್ನನ್ನು ಕರೆದಳು. ನನಗೆ ಕಣ್ಣು ತುಂಬಿ ಬಂತು.

ಲಿಸ್ಬನ್ನಿನಲ್ಲಿ ನಾನು ನನ್ನೊಬ್ಬಳಿಗೆಂದು ಎಸೆದಿದ್ದೆ, ಇವಳು ಇಬ್ಬರಿಗೂ ಸೇರಿಸಿ ಎಸೆದಿದ್ದಳು... ನಿಮಗೂ ಎಲ್ಲಾದರೂ, ಯಾರಾದರೂ ಹೀಗೆ ಸೀಟು ಹಿಡಿದಿಟ್ಟಿದ್ದಾರಾ?