ಪಾಲಿನ ಕುರಿಯ ಕಿವಿ

ಕೋವಿಡ್ ಕಳೆದ ಮರುವರ್ಷ ನಾನು ಇಸ್ಲಾಮಿಕ್ ಫೈನಾನ್ಸ್ ಅಂಡ್ ಬ್ಯಾಂಕಿಂಗ್ ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದೆ. ಪ್ರಾಜೆಕ್ಟಿಗಾಗಿ ನಾಲ್ಕು ತಿಂಗಳು ರಾಯದುರ್ಗದ ಒಂದು ಬಡ್ಡಿರಹಿತ ಸಹಕಾರ ಸಂಘದಲ್ಲಿ ಟ್ರೇನಿಯಾಗಿ ಕೆಲಸ ಮಾಡಬೇಕಿತ್ತು. ನಮ್ಮೂರು ಆಂಧ್ರ ಗಡಿಯ ಮಡಕಶಿರಾದಾಚೆ, ಗುಡಿಬಂಡೆ ಮಂಡಲ. ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಬಿ.ಕಾಂ. ಮುಗಿಸಿ, ಸ್ಕಾಲರ್‌ಶಿಪ್ ಸಿಗುತ್ತದೆಂದು ಈ ಕೋರ್ಸಿಗೆ ಸೇರಿದಾಗ, ಹಿಪ್ಪುನೇರಳೆ ಸೊಪ್ಪು ಕೊಯ್ಯುವವರ ಮಗಳು ಸಾಬರ ಬ್ಯಾಂಕು ಓದುತ್ತಾಳಂತೆ ಎಂದು ಊರಲ್ಲಿ ನಕ್ಕವರಿದ್ದರು. ನಾನು ಹಟಕ್ಕೆ ಬಿದ್ದು ಅರಬ್ಬಿ ಪಾರಿಭಾಷಿಕ ಪದಗಳನ್ನೆಲ್ಲ ಬಾಯಿಪಾಠ ಮಾಡಿದೆ. ತರಗತಿಗೆ ಮೊದಲಿಗಳಾದೆ. ಹೆಮ್ಮೆ ಇತ್ತು, ಸುಳ್ಳು ಹೇಳುವುದಿಲ್ಲ.

ಸಂಘದಲ್ಲಿ ನನಗೆ ಸಿಕ್ಕ ಫೈಲು ಶಮೀಮ್ ಬೇಗಂ ಅವರದು. ಗಂಡನಿಲ್ಲದ ಹೆಂಗಸು. ಮನೆಯ ಮುಂದಿನ ಕೋಣೆಯಲ್ಲಿ ಮೂರು ಮಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದರು. ಬಳ್ಳಾರಿಯ ವ್ಯಾಪಾರಿಯೊಬ್ಬರಿಂದ 240 ಪ್ಯಾಂಟಿನ ಆರ್ಡರ್ ಬಂದಾಗ ಬಟ್ಟೆಗೆ ಸಂಘ ಹಣ ಹಾಕಿತ್ತು, ದುಡಿಮೆ ಇವರದು, ಲಾಭದಲ್ಲಿ ಅರ್ಧರ್ಧ. ಪ್ಯಾಂಟು ಹೊಲಿದು ಕಳಿಸಿದ ಮೇಲೆ ಅಲ್ಲಿ ಒಗೆದು ನೋಡಿದರು. ಬಹುಪಾಲು ಮುದುಡಿ ಎರಡು ಇಂಚು ಗಿಡ್ಡವಾಗಿದ್ದವು. ಸರಕೆಲ್ಲ ವಾಪಸ್ ಬಂತು.

ಈ ನಷ್ಟ ಯಾರದು? ಸೋಮವಾರ ಕಮಿಟಿ ಕೂರುವುದಿತ್ತು. ಗುರುವಾರ ಸೆಕ್ರೆಟರಿ ನನ್ನನ್ನು ಕರೆದು, ಇದನ್ನೇ ಓದುತ್ತಿದ್ದೀರಲ್ಲ, ಒಂದು ಅಭಿಪ್ರಾಯ ಬರೆದುಕೊಡಿ ಎಂದರು. ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಒಪ್ಪಂದದ ತಲೆಬರಹದಲ್ಲಿ ‘ಪಾಲುದಾರಿಕೆ ಪತ್ರ’ ಎಂದು ಅಚ್ಚಾಗಿತ್ತು. ಬಿ.ಕಾಂ.ನಲ್ಲಿ ಕಲಿತ ಪಾಠ ಕೈಗೆ ತಾನಾಗಿ ಬಂತು. ಲಾಭ ಯಾವ ಪ್ರಮಾಣದಲ್ಲೋ ನಷ್ಟವೂ ಅದೇ ಪ್ರಮಾಣದಲ್ಲಿ, ಆದ್ದರಿಂದ ಅರ್ಧ ನಷ್ಟವನ್ನು ಶಮೀಮ್ ಬೇಗಂ ಕಟ್ಟಿಕೊಡಬೇಕು. ಅರ್ಧ ಗಂಟೆಯಲ್ಲಿ ಬರೆದು ಸಹಿ ಹಾಕಿದೆ.

ಸಂಘದಿಂದ ಸುದ್ದಿ ಆಗಲೇ ಶಮೀಮ್ ಬೇಗಂ ಅವರಿಗೆ ಮುಟ್ಟಿತ್ತು. ಶುಕ್ರವಾರ ಅವರ ಮನೆಗೆ ಹೋದರೆ ಎರಡು ಮಷಿನ್‌ಗಳ ಮೇಲೆ ಬಟ್ಟೆ ಹೊದಿಸಿತ್ತು. ಕೊಳ್ಳುವವರು ಬಂದು ನೋಡಿ ಹೋಗಿದ್ದರಂತೆ.

“ಓದಿದೋರು ನೀವು ಬರದೀರಿ ಅಂದಮ್ಯಾಲ ಖರೇನ ಇರತೈತ್ರಿ,” ಎಂದರು. ಸಿಟ್ಟಿರಲಿಲ್ಲ. “ಎರಡು ಮಾರ್ತೀನ್ರಿ. ಉಳಿದಿದ್ದೊಂದರಾಗ ಎಷ್ಟು ಹೊಲೀಲಿ, ಅದನ್ನೂ ಒಂದೀಟು ಬರದು ಕೊಡ್ರಿ ಮೇಡಂ.”

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬರೆದದ್ದರಲ್ಲಿ ಏನೋ ತಪ್ಪಿದೆ ಅನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ಶನಿವಾರ ಊರಿಗೆ ಹೊರಟೆ. ಬಸ್ಸಿನಲ್ಲಿ ನೋಟ್ಸ್ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾ ತಲುಪಿ, ಅಲ್ಲಿಂದ ಆಟೋ ಹಿಡಿಯುವವರೆಗೂ ಅದೇ ಕೆಲಸ.

ಭಾನುವಾರ ಬೆಳಿಗ್ಗೆ ನಾಗರಾಜಣ್ಣ ಮನೆಗೆ ಬಂದ. ನಮ್ಮ ಅಪ್ಪ ಅವನಿಗೆ ಒಂದು ಹೆಣ್ಣು ಕುರಿಯನ್ನು ಪಾಲಿಗೆ ಕೊಟ್ಟಿದ್ದರು. ಅಂದರೆ ಕುರಿ ನಮ್ಮದು, ಮೇಯಿಸುವುದು ಅವನು, ಹುಟ್ಟುವ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ಅವನು ಕಾಗದದ ಪೊಟ್ಟಣ ಬಿಚ್ಚಿ ಒಂದು ಕುರಿಯ ಕಿವಿಯನ್ನು ಜಗಲಿಯ ಮೇಲಿಟ್ಟ. ಅಪ್ಪ ಅದನ್ನು ಎತ್ತಿ ತುದಿಯ ಸೀಳು ನೋಡಿದರು. ಅದು ನಮ್ಮ ಮನೆಯ ಗುರುತು, ಸತ್ತದ್ದು ನಮ್ಮ ಕುರಿಯೇ, ಮಾರಿಕೊಂಡಿಲ್ಲ ಎಂಬುದಕ್ಕೆ ಸಾಕ್ಷಿ.

“ಎಲ್ಲಿ? ನೀನೆಲ್ಲಿದ್ದೆ?” ಎಂದರು.

“ಕೆರೆ ಅಂಗಳದಾಗೆ ಕಣಣ್ಣ. ನಾನು ಪಕ್ಕದಾಗೇ ಇದ್ದೆ, ಹಾವು ಕಚ್ಬುಡ್ತು. ಹುಡುಗರೆಲ್ಲ ನೋಡವ್ರೆ.”

ಅಪ್ಪ ತಲೆಯಾಡಿಸಿ, ಅವನಿಗೆ ಕಾಫಿ ಕೊಡಲು ಅಮ್ಮನಿಗೆ ಹೇಳಿದರು. ಮಾತು ಅಲ್ಲಿಗೆ ಮುಗಿಯಿತು. ನಾನು ಸುಮ್ಮನಿರಲಾರದೆ, ಮರಿ ಹುಟ್ಟಿದ್ದರೆ ಅರ್ಧ ತೆಗೆದುಕೊಳ್ಳುತ್ತಿದ್ದನಲ್ಲ, ಈಗ ಅರ್ಧ ನಷ್ಟ ಕೊಡಬೇಡವೇ ಎಂದು ಅಪ್ಪನನ್ನು ಕೇಳಿದೆ.

“ಕುರಿ ನಂಗೋಯ್ತು. ಎಂಟು ತಿಂಗ್ಳು ಬಿಸ್ಲಾಗೆ ತಿರುಗಿದ್ದು ಅವನಿಗೋಯ್ತು,” ಎಂದರು ಅಪ್ಪ. “ಅವನ ನಷ್ಟ ನಿನ್ನ ಕಣ್ಣಿಗೆ ಕಾಣಲ್ವೇನವ್ವಾ? ಮಲಗಿ ತೋಳನ ಬಾಯಿಗೆ ಬಿಟ್ಟಿದ್ರೆ ಬ್ಯಾರೆ ಮಾತು.”

ಮುದಾರಬಾ! ನಾನು ಬಾಯಿಪಾಠ ಮಾಡಿದ್ದ ಅದೇ ಅರಬ್ಬಿ ಪದ. ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ. ಲಾಭ ಒಪ್ಪಿದಂತೆ ಹಂಚಿಕೆ, ಬಂಡವಾಳದ ನಷ್ಟ ಪೂರ್ತಿ ಹಣ ಹಾಕಿದವರದು, ದುಡಿದವರ ಅಲಕ್ಷ್ಯವಿಲ್ಲದಿದ್ದರೆ. ಪರೀಕ್ಷೆಯಲ್ಲಿ ಈ ಉತ್ತರವನ್ನು ನಾಲ್ಕು ಸಲ ಬರೆದಿದ್ದೆ, ನಾಲ್ಕು ಸಲವೂ ಒಳ್ಳೆಯ ಅಂಕ. ಪ್ರಶ್ನೆಪತ್ರಿಕೆಯಲ್ಲಿದ್ದರೆ ಗುರುತಿಸುತ್ತಿದ್ದೆ, ಹೊಲಿಗೆ ಕೋಣೆಯಲ್ಲಿ ಗುರುತಿಸಲಿಲ್ಲ.

ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಆದರೆ ದಾರಿಯಲ್ಲಿ ಇನ್ನೊಂದು ಯೋಚನೆ ಹತ್ತಿತು. ನಾಗರಾಜಣ್ಣ ಬಾಯಿಮಾತು ಹೇಳಲಿಲ್ಲ, ಕಿವಿ ತಂದಿದ್ದ. ಕತ್ತರಿಸುವ ಮುಂಚೆ ಬಟ್ಟೆಯನ್ನು ಒಗೆದು ಪರೀಕ್ಷಿಸಬೇಕು ಎಂಬ ಷರತ್ತು ಒಪ್ಪಂದದಲ್ಲಿತ್ತು. ಶಮೀಮ್ ಬೇಗಂ ಅದನ್ನು ಮಾಡಿದ್ದರೇ? ಮಾಡದಿದ್ದರೆ ಅದು ಅಲಕ್ಷ್ಯ, ಮಷಿನ್ ಹೋದ ಹಾಗೆಯೇ.

ಸಂಜೆ ಅವರ ಮನೆ ತಲುಪಿ ಕೇಳಿದೆ. ಅವರು ಎದ್ದು ಬಟ್ಟೆಯ ಬಿಲ್ಲಿಗೆ ಗುಂಡುಪಿನ್ನಿನಿಂದ ಚುಚ್ಚಿಟ್ಟಿದ್ದ ತುಂಡೊಂದನ್ನು ತಂದರು. ಒಗೆಯುವ ಮುಂಚೆ ಪೆನ್ನಿನಲ್ಲಿ ಒಂದು ಗೇಣಿನ ಚೌಕ ಎಳೆದಿದ್ದರು. ಚೌಕ ಈಗಲೂ ಸರಿಯಾಗಿ ಒಂದು ಗೇಣಿತ್ತು. ಬಿಲ್ಲಿನಲ್ಲಿ ಬಟ್ಟೆಯೆಲ್ಲ ಒಂದೇ ಲಾಟು, ಅಂದರೆ ಒಂದೇ ಸಲ ತಯಾರಾದದ್ದು ಎಂದಿತ್ತು, ಆದರೆ ಆ ತುಂಡಿನ ಥಾನು ಬಿಟ್ಟು ಉಳಿದ ಥಾನುಗಳಿಂದ ಕಿತ್ತಿಟ್ಟಿದ್ದ ಅಂಚಿನ ಚೀಟಿಗಳಲ್ಲಿ ಲಾಟ್ ನಂಬರೇ ಬೇರೆ. ಬಟ್ಟೆ ಮಾರಿದವನು ಬೇರೆ ಲಾಟಿನದನ್ನು ಬೆರೆಸಿಬಿಟ್ಟಿದ್ದ.

ಇದನ್ನು ಮೊದಲೇ ಯಾಕೆ ತೋರಿಸಲಿಲ್ಲ ಎಂದೆ.

“ಯಾರು ಕೇಳಿದ್ರಿ?” ಎಂದರು.

ಸೋಮವಾರ ಕಮಿಟಿಯ ಮುಂದೆ ಎರಡನೇ ಅಭಿಪ್ರಾಯ ಇಟ್ಟೆ. ಸೆಕ್ರೆಟರಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು, “ಗುರುವಾರಕ್ಕೊಂದು, ಸೋಮವಾರಕ್ಕೊಂದು. ನಿಮ್ಮ ಓದು ವಾರಕ್ಕ ಎಷ್ಟು ಸಲ ಬದಲಾಗತೈತ್ರಿ ಮೇಡಂ?” ಎಂದರು. ಕಮಿಟಿಯವರು ನಕ್ಕರು.

“ಓದು ಬದಲಾಗಿಲ್ಲ ಸರ್. ಗುರುವಾರ ನಾನು ತಪ್ಪು ಬರೆದೆ,” ಎಂದು ಬಟ್ಟೆಯ ತುಂಡು ಮತ್ತು ಚೀಟಿಗಳನ್ನು ಮೇಜಿನ ಮೇಲಿಟ್ಟೆ. ಹಿರಿಯ ಸದಸ್ಯರೊಬ್ಬರು ಚೌಕದ ಮೇಲೆ ತಮ್ಮ ಗೇಣು ಇಟ್ಟು ನೋಡಿದರು. ಇನ್ನೊಂದು ತಾಸು ವಾದ ನಡೆಯಿತು. ಕೊನೆಗೆ ನಷ್ಟವನ್ನು ಸಂಘವೇ ಹೊತ್ತುಕೊಂಡಿತು. ಮಷಿನ್‌ಗಳು ಉಳಿದವು.

ಗುರುವಾರದ ಹಾಳೆಯನ್ನು ಪ್ರಾಜೆಕ್ಟ್ ವರದಿಯಿಂದ ತೆಗೆಯಬಹುದು ಎಂದು ಗೈಡ್ ಹೇಳಿದ್ದರು. ತೆಗೆಯಲಿಲ್ಲ. ವೈವಾದಲ್ಲಿ ಅದನ್ನೇ ಹಿಡಿದು ಕೆದಕಿದರು, ಮೊದಲ ರ‍್ಯಾಂಕ್ ಕೈತಪ್ಪಿತು. ಪದವಿ ಬಂತು.

ಈಗ ನನ್ನ ಕೆಲಸವೇ ಇಂಥ ಒಪ್ಪಂದಗಳನ್ನು ಪರಿಶೀಲಿಸುವುದು. ನಷ್ಟದ ಫೈಲು ಬಂದ ದಿನ ಇಂದಿಗೂ ನೆಮ್ಮದಿ ಇರುವುದಿಲ್ಲ. ಯಾರು ಕೊಡಬೇಕು ಎಂದು ಬರೆಯುವ ಮುಂಚೆ ಎದ್ದು ಹೋಗುತ್ತೇನೆ, ದುಡಿದವರ ಮನೆಗೇ ಹೋಗಿ, ತೋರಿಸಲು ನಿಮ್ಮ ಹತ್ತಿರ ಏನಿದೆ ಎಂದು ಕೇಳುತ್ತೇನೆ. ಬಹಳ ಮಂದಿಯ ಹತ್ತಿರ ಏನಾದರೊಂದು ಇರುತ್ತದೆ. ಯಾರಾದರೂ ಕೇಳಲಿ ಎಂದು ಎತ್ತಿಟ್ಟಿರುತ್ತಾರೆ.